ಆಗುಂಬೆಯ ಆಚೆ, ಕಡಲತಳ ಬಿರಿಯುವ ಜಾಗ

ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ನೈಋತ್ಯಕ್ಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ನೀರಿನಡಿ ಒಂದು ಬೆಟ್ಟಸಾಲಿದೆ: ಕಾರ್ಲ್ಸ್‌ಬರ್ಗ್ ರಿಡ್ಜ್. ಭೂಮಿಯ ಹೊರಚಿಪ್ಪಿನ ಎರಡು ದೊಡ್ಡ ತುಂಡುಗಳಾದ ಭಾರತದ ಭೂಫಲಕ ಮತ್ತು ಸೊಮಾಲಿ ಫಲಕ ಅಲ್ಲಿ ವರ್ಷಕ್ಕೆ 2ರಿಂದ 3 ಸೆಂ.ಮೀ. ದೂರ ಸರಿಯುತ್ತಿವೆ.

ಶಿಲಾಪಾಕ, ಅಂದರೆ ಕರಗಿದ ಬಂಡೆ, ಕೆಳಗಿನಿಂದ ನುಗ್ಗಿ ಫಲಕಗಳನ್ನು ತಳ್ಳುತ್ತದೆ ಎಂದೇ ಹಲವರು ತಿಳಿದಿದ್ದಾರೆ. ನಡೆಯುವುದು ಬಹುಪಾಲು ತಿರುಗುಮುರುಗು. ಫಲಕದ ಇನ್ನೊಂದು ಅಂಚು ಎಲ್ಲೋ ದೂರದಲ್ಲಿ ಮ್ಯಾಂಟಲ್‌ಗೆ (ಹೊರಚಿಪ್ಪಿನ ಕೆಳಗಿನ ಬಿಸಿ ಬಂಡೆಯ ಪದರಕ್ಕೆ) ಮುಳುಗುತ್ತಾ ಎಳೆಯುತ್ತದೆ. ಇಲ್ಲಿ ತೆರವಾದ ಜಾಗಕ್ಕೆ ಬಿಸಿ ಬಂಡೆ ಮೇಲೇರುತ್ತದೆ, ಏರುತ್ತಲೇ ಕರಗುತ್ತದೆ. ಒಲೆ ಆರಿಸಿದ ಕುಕ್ಕರಿನ ಸೀಟಿ ಎತ್ತಿದರೆ ಒಳಗಿನ ನೀರು ಮತ್ತೆ ಕೊತಕೊತ ಕುದಿಯುತ್ತದಲ್ಲ, ಹಾಗೆ. ಹೊಸ ಶಾಖ ಸೇರುವುದಿಲ್ಲ, ಒತ್ತಡ ಇಳಿಯುತ್ತದೆ ಅಷ್ಟೇ.

ನೆಲ ದಿನದಿನವೂ ಒಂದೇ ಸಮ ಬೆಳೆಯುವುದಿಲ್ಲ. ಬಿಗಿತ ವರ್ಷಗಟ್ಟಲೆ ಕೂಡಿಕೊಂಡು ಒಮ್ಮೆ ಬಿರುಕು ಬಿಡುತ್ತದೆ. ಶಿಲಾಪಾಕ ಅದರೊಳಗೆ ಗೋಡೆಯಂತೆ ನಿಂತು ಗಟ್ಟಿಯಾಗುತ್ತದೆ. ಇದೇ ಡೈಕ್. ವರ್ಷಕ್ಕೆ 2.5 ಸೆಂ.ಮೀ. ಲೆಕ್ಕದಲ್ಲಿ 1 ಮೀಟರ್ ದಪ್ಪದ ಡೈಕ್ ಎಂದರೆ 40 ವರ್ಷದ ಬಾಕಿ ಒಮ್ಮೆಗೇ ತೀರಿದಂತೆ. 2005ರಲ್ಲಿ ಇಥಿಯೋಪಿಯಾದ ಅಫಾರ್‌ನಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ, ಕೆಲವೆಡೆ 8 ಮೀಟರ್‌ವರೆಗೂ ನೆಲ ತೆರೆದುಕೊಂಡಿತು. ಅದು ಒಣನೆಲದಲ್ಲಾದ್ದರಿಂದ ಅಳೆಯಲು ಸಾಧ್ಯವಾಯಿತು.

ಕಡಲತಳದ ಮೇಲೆ ಉಕ್ಕಿದ ಲಾವಾ ತಣ್ಣೀರು ತಾಗಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟುತ್ತದೆ. ಶಿವಮೊಗ್ಗದವರಿಗೆ ಇದನ್ನು ನೋಡಲು ಚಿತ್ರದುರ್ಗದ ಬಳಿಯ ಮರಡಿಹಳ್ಳಿಯೇ ಹತ್ತಿರ. ಆ ಹಳೆಯ ಬಂಡೆ ರಿಡ್ಜ್‌ನಲ್ಲೇ ಹುಟ್ಟಿತೆಂದು ಮಾತ್ರ ತೀರ್ಮಾನಿಸಬಾರದು; ಲಾವಾ ನೀರಿನಡಿ ಆರಿತು ಎಂಬುದಕ್ಕಷ್ಟೇ ದಿಂಬು ಸಾಕ್ಷಿ.

ಫಲಕಗಳು ಸರಿಯುವ ವೇಗ ಅಳೆಯಲು ಕಾಂತೀಯ ಪಟ್ಟೆಗಳಿವೆ. ಲಾವಾ ಆರುವಾಗ ಆಗಿನ ಕಾಂತಕ್ಷೇತ್ರದ ದಿಕ್ಕು ಅದರಲ್ಲಿ ಅಚ್ಚಾಗುತ್ತದೆ; ಕ್ಷೇತ್ರದ ಉತ್ತರ-ದಕ್ಷಿಣ ಅದಲುಬದಲಾದಾಗಲೆಲ್ಲ ರಿಡ್ಜ್‌ನ ಎರಡೂ ಮಗ್ಗುಲಲ್ಲಿ ಹೊಸ ಪಟ್ಟೆ ಶುರುವಾಗುತ್ತದೆ. 1963ರಲ್ಲಿ ಬ್ರಿಟಿಷ್ ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಈ ಪಟ್ಟೆಗಳ ಅರ್ಥ ಬಿಡಿಸಿದ್ದು ಇದೇ ಕಾರ್ಲ್ಸ್‌ಬರ್ಗ್‌ನ ಮಾಪನಗಳಿಂದ, ನಮ್ಮದೇ ಕಡಲಿನಿಂದ! ಭೂಮಿಯ ಕಾಂತಕ್ಷೇತ್ರ ಕೊನೆಯ ಸಲ ಮಗುಚಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಆ ಗಡಿ ನಡುಗೆರೆಯಿಂದ 10 ಕಿ.ಮೀ. ದೂರದಲ್ಲಿ ಸಿಕ್ಕಿತೆನ್ನಿ: ಭಾಗಿಸಿದರೆ ವರ್ಷಕ್ಕೆ ಸುಮಾರು 1.3 ಸೆಂ.ಮೀ. ಇದು ಒಂದು ಮಗ್ಗುಲಿನದು. ಎರಡರಿಂದ ಗುಣಿಸಲು ಮರೆಯುವುದೇ ಇಲ್ಲಿ ಸಾಮಾನ್ಯ ತಪ್ಪು.

ಇಂಥ ನಿಧಾನದ ರಿಡ್ಜ್‌ಗಳಲ್ಲಿ ಕೆಲವೆಡೆ ಶಿಲಾಪಾಕ ಸಾಲುವುದಿಲ್ಲ. ಆಗ ಸ್ತರಭಂಗದ (ಬಂಡೆ ಒಡೆದು ಜರುಗುವ ಬಿರುಕಿನ) ಮೇಲೆ ನೆಲ ಜಾರಿ, ಮ್ಯಾಂಟಲ್ ಬಂಡೆಯೇ ಹೊರಬರುತ್ತದೆ. ಅದು ಕಡಲ ನೀರು ಕುಡಿದು ಸರ್ಪೆಂಟೈನ್ ಎಂಬ ಖನಿಜವಾಗುತ್ತದೆ. ಆ ಮಾರ್ಪಾಟಿನಲ್ಲಿ ಹೊಸದಾಗಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಹುಟ್ಟುವುದರಿಂದ ಅಲ್ಲಿ ಪಟ್ಟೆಗಳು ಕದಡಿಹೋಗುತ್ತವೆ. ಅಂಥ ಕಡೆಯ ಗಡಿಯನ್ನು ಲೆಕ್ಕಕ್ಕೆ ಹಿಡಿಯಬಾರದು.