ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಆಟ ಬಿಡಿಸಬೇಕೇ?

ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವ ನನಗೆ ಜನವರಿ ಬಂತೆಂದರೆ ಪೋಷಕರು ಕೇಳುವ ಪ್ರಶ್ನೆ ಒಂದೇ: "ಸರ್, ಮಗನಿಗೆ ಈ ಸಲ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಯೋ ತನಕ ಕಬಡ್ಡಿ ಬಿಡಿಸಿಬಿಡೋಣ ಅಂತಿದ್ದೀವಿ, ಏನಂತೀರಿ?" ಹೀಗೆ ಕೇಳುವವರಲ್ಲಿ ಕಾಫಿ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್‌ಗಳಿದ್ದಾರೆ, ಐ.ಜಿ. ರಸ್ತೆಯ ಅಂಗಡಿಯವರಿದ್ದಾರೆ, ಬ್ಯಾಂಕ್ ನೌಕರರಿದ್ದಾರೆ. ಬಹುತೇಕರು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ನಾನೊಮ್ಮೆ ಹೂಂ ಎಂದರೆ ಸಾಕಾಗಿರುತ್ತದೆ. ಬಿಡಿಸಬೇಡಿ ಎಂಬುದೇ ನನ್ನ ಉತ್ತರ. ಪಿ.ಟಿ. ಮೇಷ್ಟರು ಇನ್ನೇನು ಹೇಳಿಯಾರು ಎಂದು ಅವರಿಗೆ ಅನ್ನಿಸುವುದು ಸಹಜವಾದ್ದರಿಂದ, ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆಟವಾಡಿದರೆ ಬುದ್ಧಿ ಹೆಚ್ಚುತ್ತದೆ ಎಂಬ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಏದುಸಿರಿಲ್ಲದೆ ಹತ್ತುವ ಹುಡುಗನಿಗೂ ತ್ರಿಕೋನಮಿತಿ ತಾನಾಗಿ ಬರುವುದಿಲ್ಲ, ಅದನ್ನು ಅವನು ಕುಳಿತೇ ಕಲಿಯಬೇಕು. ನಾನು ಹೇಳುವುದು ಇಷ್ಟೇ: ಹಾಗೆ ಕುಳಿತಾಗ ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ಓದಿದ್ದರಲ್ಲಿ ಎಷ್ಟು ನೆನಪಿನಲ್ಲಿ ಉಳಿಯುತ್ತದೆ, ಪರೀಕ್ಷೆಯ ಕೊನೆಯ ಅರ್ಧ ಗಂಟೆಯಲ್ಲಿ ತಲೆ ಎಷ್ಟು ಓಡುತ್ತದೆ ಎಂಬುದಕ್ಕೂ ಹೃದಯ ಮತ್ತು ಶ್ವಾಸಕೋಶಗಳ ಸ್ಥಿತಿಗೂ ಸಂಬಂಧವಿದೆ.

ನಮ್ಮ ದೇಹತೂಕದಲ್ಲಿ ಮಿದುಳಿನ ಪಾಲು ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೇ ತೆಗೆದುಕೊಳ್ಳುತ್ತದೆ. ಇಷ್ಟು ದುಬಾರಿಯಾದ ಅಂಗಕ್ಕೆ ರಕ್ತ ಸರಿಯಾಗಿ ತಲುಪುವುದು ಮುಖ್ಯ ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಕ್ತಸಂಚಾರದ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ನರಕೋಶಗಳ ಉಳಿವಿಗೂ ಅವುಗಳ ನಡುವಿನ ಸಂಪರ್ಕ ಬಲಗೊಳ್ಳುವುದಕ್ಕೂ ನೆರವಾಗುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನನ್ನು ಈವ್ ಬಾರ್ಡ್ ಮತ್ತು ಹಾನ್ಸ್ ಥೋನೆನ್ 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದರು; ವ್ಯಾಯಾಮ ಮಾಡಿದಾಗ ಇದರ ಪ್ರಮಾಣ ಹೆಚ್ಚುವುದು ಆಮೇಲೆ ಕಂಡುಬಂತು. 1999ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು, ಗೂಡಿನಲ್ಲಿ ಓಡುವ ಚಕ್ರವಿದ್ದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ಹೊಸ ನೆನಪುಗಳು ರೂಪುಗೊಳ್ಳಲು ಬೇಕಾದ ಭಾಗದಲ್ಲಿ, ಹೊಸ ನರಕೋಶಗಳು ಹೆಚ್ಚಾಗಿ ಹುಟ್ಟಿದ್ದನ್ನು ತೋರಿಸಿದರು. ಬೆಳೆದ ಮನುಷ್ಯರಲ್ಲಿಯೂ ಹೀಗೆಯೇ ಆಗುತ್ತದೆಯೇ ಎಂಬ ವಿಚಾರದಲ್ಲಿ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಆದ್ದರಿಂದ "ಓಡಿದರೆ ಹೊಸ ಮಿದುಳು ಬೆಳೆಯುತ್ತದೆ" ಎಂಬ ವಾಟ್ಸಾಪ್ ಸಂದೇಶಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ.

ಮಕ್ಕಳ ಮೇಲೆಯೇ ನಡೆದ ಅಧ್ಯಯನಗಳು ನನ್ನ ಕೆಲಸಕ್ಕೆ ಹೆಚ್ಚು ಹತ್ತಿರವಾದವು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದು ಬಂದ ಮಕ್ಕಳು, ಅಷ್ಟೇ ಹೊತ್ತು ಸುಮ್ಮನೆ ಕುಳಿತಿದ್ದ ದಿನಕ್ಕಿಂತ, ಗಮನ ಬೇಡುವ ಪರೀಕ್ಷೆಯಲ್ಲಿಯೂ ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿಯೂ ಚೆನ್ನಾಗಿ ಮಾಡಿದ್ದರು. ಅದೇ ತಂಡ 2014ರಲ್ಲಿ 7ರಿಂದ 9 ವರ್ಷದ 221 ಮಕ್ಕಳ ಅಧ್ಯಯನವನ್ನು ಪ್ರಕಟಿಸಿತು. ಶಾಲೆಯ ಸಮಯದ ನಂತರ ಒಂಬತ್ತು ತಿಂಗಳು ಓಡಿ ಆಡಿದ ಗುಂಪಿನ ಮಕ್ಕಳು, ಬೇಡದ ಕಡೆಗೆ ಹರಿಯುವ ಗಮನವನ್ನು ತಡೆಹಿಡಿಯುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ತರಗತಿಯಲ್ಲಿ ಕಿಟಕಿಯಾಚೆ ನೋಡುವ ಮಗುವಿಗೆ ಬೇಕಾದದ್ದೂ ಇದೇ ಅಲ್ಲವೇ? ಸ್ವೀಡನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆಗೆ ಬಂದ ಸುಮಾರು 12 ಲಕ್ಷ ಯುವಕರ ದಾಖಲೆಗಳನ್ನು ಪರಿಶೀಲಿಸಿದ 2009ರ ಇನ್ನೊಂದು ಅಧ್ಯಯನದಲ್ಲಿ, 18ನೇ ವಯಸ್ಸಿನಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಕ್ಷಮತೆ ಹೆಚ್ಚಿದ್ದವರು ಬೌದ್ಧಿಕ ಪರೀಕ್ಷೆಗಳಲ್ಲಿಯೂ ಮುಂದಿದ್ದುದು ಕಂಡುಬಂತು. ಸ್ನಾಯುಬಲದ ವಿಚಾರದಲ್ಲಿ ಆ ಸಂಬಂಧ ದುರ್ಬಲವಾಗಿತ್ತು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲವೆಂಬುದು ನಿಜ. ಆದರೂ ಜಿಮ್ಮಿನಲ್ಲಿ ತೋಳು ಬೆಳೆಸುವುದಕ್ಕಿಂತ ಏದುಸಿರು ಬರುವಂತೆ ಓಡುವುದು ಒಳ್ಳೆಯದು ಎಂದು ನಾನು ಹುಡುಗರಿಗೆ ಹೇಳುವಾಗ ಇದು ನನ್ನ ಮನಸ್ಸಿನಲ್ಲಿರುತ್ತದೆ.

ಈ ಮಾತಿಗೆ ಬಂದ ಅತ್ಯಂತ ಗಟ್ಟಿಯಾದ ಆಕ್ಷೇಪ ಕಾಫಿ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ವಾಸಿಸುವ ಒಬ್ಬ ತಂದೆಯದು. "ಹಾಗಾದ್ರೆ ದಿನವಿಡೀ ಮೈಮುರಿದು ದುಡಿಯೋ ನಾವೇ ಎಲ್ಲರಿಗಿಂತ ಬುದ್ಧಿವಂತರಾಗ್ಬೇಕಿತ್ತಲ್ಲ ಸರ್?" ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಮೊದಲನೆಯದಾಗಿ, ಅವಕಾಶ ಸಿಗದ್ದಕ್ಕೂ ಬುದ್ಧಿ ಇಲ್ಲದ್ದಕ್ಕೂ ವ್ಯತ್ಯಾಸವಿದೆ, ಮತ್ತು ಅವರಲ್ಲಿ ಬುದ್ಧಿ ಕಡಿಮೆಯಿತ್ತು ಎಂದು ಹೇಳಿದವರಾದರೂ ಯಾರು? ಎರಡನೆಯದಾಗಿ, ದುಡಿಮೆ ಬೇರೆ, ವ್ಯಾಯಾಮ ಬೇರೆ. ಆಟದಲ್ಲಿ ಹೃದಯದ ಬಡಿತ ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತದೆ, ಬೇಕೆಂದಾಗ ನಿಲ್ಲಿಸಬಹುದು, ಆಮೇಲೆ ಊಟ ಮತ್ತು ವಿಶ್ರಾಂತಿ ಇರುತ್ತವೆ. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ನಿಂತು ಹಣ್ಣು ಕಿತ್ತು, ಮೂಟೆ ಹೊತ್ತು ತೂಕಕ್ಕೆ ತರುವ ದೇಹಕ್ಕೆ ಆ ಚೇತರಿಕೆಯ ಹೊತ್ತೇ ಸಿಗುವುದಿಲ್ಲ. ವಿಪರೀತ ದಣಿವು ಗಮನವನ್ನು ಕುಗ್ಗಿಸುತ್ತದೆ. ಆದ್ದರಿಂದ ಭಾನುವಾರ ಕೊಯ್ಲಿಗೆ ಹೋಗಿಬಂದ ಮಗುವಿಗೆ ಸೋಮವಾರ ಮೈದಾನದಲ್ಲಿ ಸುತ್ತು ಹೊಡೆಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಅಂಥವರನ್ನು ನಾನು ಸ್ಕೋರ್ ಬರೆಯಲು ಕೂರಿಸುತ್ತೇನೆ.

ಹೆಣ್ಣುಮಕ್ಕಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅವರನ್ನು ಪರೀಕ್ಷೆಗಿಂತ ಎಷ್ಟೋ ಮೊದಲೇ, ಎಂಟನೆಯ ತರಗತಿಯ ಹೊತ್ತಿಗೆ, ಆಟದಿಂದ ಬಿಡಿಸಿಬಿಟ್ಟಿರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ನೇ ಕಡಿಮೆಯಿರುವ ಹುಡುಗಿ ಎರಡನೆಯ ಸುತ್ತಿಗೆ ಕುಳಿತುಬಿಟ್ಟರೆ ಅದನ್ನು ಸೋಮಾರಿತನ ಎನ್ನುವವರಿದ್ದಾರೆ. ಪುಸ್ತಕದ ಮುಂದೆ ತೂಕಡಿಸಿದರೂ ಅದೇ ಮಾತು. ಅವಳಿಗೆ ಮೊದಲು ಬೇಕಾದದ್ದು ರಕ್ತಪರೀಕ್ಷೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಬ್ಯಾಗಿನಲ್ಲಿ ಉಳಿಸಿಕೊಳ್ಳದೆ ಊಟದ ನಂತರ ನುಂಗಬೇಕು, ಅದರ ಬೆನ್ನಿಗೇ ಕಾಫಿ ಅಥವಾ ಚಹಾ ಕುಡಿಯಬಾರದು. ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಅವು ಅಡ್ಡಿ ಮಾಡುತ್ತವೆ. ಹೊತ್ತುಹೊತ್ತಿಗೂ ಕಾಫಿ ಬೇಕೆನ್ನುವ ನಮ್ಮ ಜಿಲ್ಲೆಯಲ್ಲಿ ಈ ಮಾತು ಯಾರಿಗೂ ಇಷ್ಟವಾಗುವುದಿಲ್ಲ.

ಇನ್ನು ಆಟ ಬಿಡಿಸಿದ್ದರಿಂದ ಉಳಿಯುತ್ತದೆಯೆಂದು ಪೋಷಕರು ನಂಬುವ ಸಮಯದ ಲೆಕ್ಕ. ಸಂಜೆ ಐದರಿಂದ ಆರರವರೆಗಿನ ಆ ಒಂದು ಗಂಟೆ ಸಾಮಾನ್ಯವಾಗಿ ಪುಸ್ತಕಕ್ಕೆ ಸಿಗುವುದಿಲ್ಲ, ಮೊಬೈಲಿಗೆ ಹೋಗುತ್ತದೆ. ಮೈ ದಣಿಯದ ಹುಡುಗನಿಗೆ ರಾತ್ರಿ ನಿದ್ದೆ ತಡವಾಗಿ ಬರುತ್ತದೆ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓದಲು ಕೂರಿಸಿದರೆ ಅವನು ಓದುವುದಕ್ಕಿಂತ ಆಕಳಿಸುವುದೇ ಹೆಚ್ಚು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ಮತ್ತು ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆಯೇ ಆಧಾರ.

ಪರೀಕ್ಷೆಯ ಕಾಲದಲ್ಲಿ ಯಾವ ಬದಲಾವಣೆಯೂ ಬೇಡವೆಂದಲ್ಲ. ಟೂರ್ನಮೆಂಟಿಗೆಂದು ಊರೂರು ಸುತ್ತುವುದನ್ನು ಜನವರಿಯಿಂದ ನಾನೇ ನಿಲ್ಲಿಸುತ್ತೇನೆ. ಕೈಕಾಲು ಮುರಿದುಕೊಳ್ಳುವ ಅಪಾಯವಿರುವ ಪಂದ್ಯಗಳಿಂದ ಹತ್ತನೆಯ ತರಗತಿಯವರನ್ನು ಹೊರಗಿಡುತ್ತೇನೆ. 5ರಿಂದ 17 ವರ್ಷದವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೈದಾನಕ್ಕೆ ಬರಲಾಗದಿದ್ದರೆ ಶಾಲೆಗೆ ಸೈಕಲ್ಲಿನಲ್ಲಿ ಬರಲಿ, ಸಂಜೆ ಸ್ಕಿಪ್ಪಿಂಗ್ ಮಾಡಲಿ, ರತ್ನಗಿರಿ ಬೋರೆಯನ್ನು ಬಿರುಸಾಗಿ ಹತ್ತಿ ಇಳಿಯಲಿ. ಪರೀಕ್ಷೆಯ ದಿನ ಮಾತ್ರ ಹೊಸದಾಗಿ ಏನನ್ನೂ ಶುರುಮಾಡುವುದು ಬೇಡ. ಕೇಂದ್ರದ ಗೇಟಿನ ಬಳಿ ಗೈಡ್ ತಿರುವಿಹಾಕುತ್ತಾ ನಿಲ್ಲುವ ಬದಲು, ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ನಡೆದುಕೊಂಡು ಬಂದರೆ ಸಾಕು. ನೀರಿನ ಬಾಟಲಿಯೂ ಹಾಲ್ ಟಿಕೆಟ್ಟೂ ಮರೆಯದಿರಲಿ.