ಕಡತ ನೋಡುವ ವಾರ

ಪುಣೆಯ ಕೋಥರೂಡಿನ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕಳೆದ ತಿಂಗಳು ನೆರೆಮನೆಯ ಕಾಕಾ ಎದುರಾದರು. ಕೈಯಲ್ಲಿದ್ದ ಬಟ್ಟೆಯ ಚೀಲದಿಂದ ಒಂದು ನೋಟುಪುಸ್ತಕವೂ ಅಳತೆಯ ಟೇಪೂ ಇಣುಕುತ್ತಿದ್ದವು. ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಯಾವ ನಾಗರಿಕನಾದರೂ ಮಹಾನಗರಪಾಲಿಕೆಗೆ ಹೋಗಿ ಕಡತ ನೋಡಬಹುದು ಎಂಬುದು ಪುಣೆಯವರು ರೂಢಿಸಿಕೊಂಡ ಪದ್ಧತಿ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ರಾಜ್ಯದ ಜಿಲ್ಲಾ ಕಚೇರಿಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಿತು. ಕಾಕಾ ನಮ್ಮ ಓಣಿಯ ಕಾಂಕ್ರೀಟ್ ರಸ್ತೆಯ ಕಡತ ನೋಡಲು ಹೊರಟಿದ್ದರು. ಹೋಗುವ ಮುನ್ನ, ಸಂತೆಯ ದಿನ ವಿಚಾರಿಸುವಷ್ಟು ಸಹಜವಾಗಿ ಕೇಳಿದರು: ‘ನಿಮ್ಮೂರಲ್ಲಿ ಕಡತ ನೋಡುವ ವಾರ ಯಾವುದು?’

ತೋರಿಸುತ್ತಾರೆಯೇ ಎಂದು ಕೇಳಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಯಾವ ವಾರ ಎಂದು ಕೇಳಿದ್ದರಿಂದ ನನ್ನ ಬಾಯಿ ಕಟ್ಟಿತು.

ಮರುವಾರ ರಜೆ ಹಾಕಿ ಅವರ ಜೊತೆ ನಾನೂ ಹೋದೆ. ದಾರ ಬಿಚ್ಚಿ ಮೇಜಿನ ಮೇಲೆ ಇಟ್ಟ ಕಡತದಲ್ಲಿ ಟಿಪ್ಪಣಿಗಳ ಹಾಳೆಗಳನ್ನೆಲ್ಲ ದಾಟಿಸಿ, ಕಾಕಾ ನೇರವಾಗಿ ಅಳತೆ ಪುಸ್ತಕದ ನಮೂದುಗಳಿಗೆ ಬಂದರು. ರಸ್ತೆಯ ಒಡೆದ ಅಂಚಿನಲ್ಲಿ ತಾವೇ ಟೇಪು ಹಿಡಿದು ಬರೆದುಕೊಂಡಿದ್ದ ದಪ್ಪವನ್ನು ಅಲ್ಲಿನ ಅಂಕಿಯ ಪಕ್ಕದಲ್ಲಿಟ್ಟು, ಬೆರಳನ್ನು ಸಾಲಿನಿಂದ ಸಾಲಿಗೆ ಸರಿಸುತ್ತ ಹೋಲಿಸಿದರು. ಎರಡೂ ತಾಳೆಯಾದವು. ಅವರ ಮುಖದಲ್ಲಿ ಸಮಾಧಾನಕ್ಕಿಂತ ಸಣ್ಣ ನಿರಾಸೆಯೇ ಹೆಚ್ಚಾಗಿ ಕಂಡಿತೆಂದು ಹೇಳದಿದ್ದರೆ ಸುಳ್ಳಾಗುತ್ತದೆ.

ನನಗೆ ಮಾತ್ರ ನೆನಪಾದವರು ಅಪ್ಪ. ಹಳೆಯ ಧಾರವಾಡ ಜಿಲ್ಲೆಯ ಎರೆಸೀಮೆಯ ಹಳ್ಳಿ ನಮ್ಮದು. ಬಾವಿ ತೋಡಿದರೆ ಸವಳು ನೀರು, ಆದ್ದರಿಂದ ಕುಡಿಯುವುದಕ್ಕೆ ಕೆರೆಯೇ ಗತಿ. ಆ ಕೆರೆಯ ಒಂದು ಮಗ್ಗುಲು ವರ್ಷದಿಂದ ವರ್ಷಕ್ಕೆ ಹೊಲವಾಗುತ್ತ ಬಂದಾಗ, ಅದರ ಸರ್ವೆ ನಕ್ಷೆ ಬೇಕೆಂದು ಅಪ್ಪ ಕಚೇರಿಯಿಂದ ಕಚೇರಿಗೆ ಅಲೆದರು. ಒಂದು ಕಡೆ ನಾಳೆ ಬನ್ನಿ ಎಂದರು, ಇನ್ನೊಂದು ಕಡೆ ನಿಮಗೇಕೆ ಎಂದರು. ಆ ಎರಡನೆಯ ಮಾತು ಅಪ್ಪನಿಗೆ ಹೆಚ್ಚು ನಾಟಿತು.

ಊರನ್ನು ಸುಮ್ಮನೆ ಹಳಿಯುವುದೂ ನ್ಯಾಯವಲ್ಲ. ಪಹಣಿಯನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯ ಹೆಸರನ್ನು ಇಲ್ಲಿನವರೂ ಗೌರವದಿಂದ ಹೇಳುತ್ತಾರೆ. ಸರ್ಕಾರದ ಮಾಹಿತಿಯನ್ನು ಕೇಳುವ ಮೊದಲೇ ತೋರಿಸಲೆಂದು ‘ಮಾಹಿತಿ ಕಣಜ’ ಎಂಬ ಜಾಲತಾಣವೂ ನಮ್ಮಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಪುಣೆಗೂ ನಮ್ಮ ಹಳ್ಳಿಗೂ ಒಂದೇ, ಮತ್ತು ಕಡತವನ್ನು ಕಣ್ಣಾರೆ ಪರಿಶೀಲಿಸುವುದು ಅದರ ಎರಡನೆಯ ಸೆಕ್ಷನ್ನಿನಲ್ಲಿಯೇ ಹೇಳಿರುವ ಹಕ್ಕು. ಪುಣೆಯವರು ಅದಕ್ಕೊಂದು ವಾರ ಗೊತ್ತುಮಾಡಿದರು, ಅಷ್ಟೇ. ಆದರೆ ಆ ‘ಅಷ್ಟೇ’ ಎಂಬುದರಲ್ಲಿಯೇ ನಿಮಗೇಕೆ ಎಂಬ ಪ್ರಶ್ನೆಯ ಹಲ್ಲು ಕಿತ್ತುಹೋಗಿದೆ.

ಅದೇ ಕಾಯ್ದೆಯ ನಾಲ್ಕನೆಯ ಸೆಕ್ಷನ್ನಿನಲ್ಲಿ, ಪ್ರತಿ ಕಚೇರಿಯೂ ತಾನಾಗಿಯೇ ಪ್ರಕಟಿಸಬೇಕಾದ ವಿವರಗಳ ಸಾಲಿನಲ್ಲಿ, ಸಾರ್ವಜನಿಕರಿಗಾಗಿ ಗ್ರಂಥಾಲಯವನ್ನೋ ವಾಚನಾಲಯವನ್ನೋ ಇಟ್ಟಿದ್ದರೆ ಅದರ ವೇಳೆಯನ್ನೂ ತಿಳಿಸಬೇಕೆಂಬ ಮಾತಿದೆ. ಕಾಯ್ದೆ ಬರೆದವರಿಗೆ ಓದುವವನು ಕುಳಿತುಕೊಳ್ಳಲು ಜಾಗ ಬೇಕೆಂಬುದು ಹೊಳೆದಿತ್ತು. ನಮ್ಮೂರ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಒಳ್ಳೆಯ ಹೆಸರು ಬಂದಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿ ಎರಡು ಪತ್ರಿಕೆಗಳಿಗಾಗಿ ಕಾದು ಕುಳಿತದ್ದುಂಟು. ಆದರೆ ಅದೇ ಪಂಚಾಯತಿಯ ಜಮಾಖರ್ಚಿನ ಒಂದು ಹಾಳೆಯೂ ಆ ಮೇಜಿನ ಮೇಲೆ ಬಿದ್ದದ್ದನ್ನು ನಾನು ಕಾಣೆ.

ಕಡತ ನೋಡಿ ಬಂದ ಆ ವಾರವೇ ಡೆಕ್ಕನ್ ಜಿಮಖಾನಾದ ಕಡೆಯಿರುವ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ಗಾಡಗೀಳ ಗ್ರಂಥಾಲಯಕ್ಕೆ ಹೋಗಿದ್ದೆ. 1905ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದ ಪುಸ್ತಕಗಳಿಂದ ಬೆಳೆದ ಈ ಗ್ರಂಥಾಲಯ, ಜನಗಣತಿ, ಗೆಜೆಟಿಯರು, ಸಮಿತಿಗಳ ವರದಿ ಮುಂತಾದ ಸರ್ಕಾರಿ ಕಾಗದಪತ್ರಗಳನ್ನು ಕಾಪಾಡಿಕೊಂಡು ಬಂದಿದೆ. ನಾವು 1956ರವರೆಗೆ ಮುಂಬಯಿಯ ಆಡಳಿತದಲ್ಲಿದ್ದವರಾದ್ದರಿಂದ ನಮ್ಮ ಲೆಕ್ಕವೂ ಇಲ್ಲಿನ ಕಪಾಟಿನಲ್ಲಿದೆ. 1884ರ ಧಾರವಾಡ ಗೆಜೆಟಿಯರಿನಲ್ಲಿ ನಮ್ಮ ತಾಲೂಕಿನ ಪುಟಗಳು ಸಿಕ್ಕವು: ಮಣ್ಣು, ಮಳೆ, ಬಾವಿ, ಕೆರೆ, ದನಕರು. ನಮಗೆ ನಮ್ಮೂರಿನಲ್ಲಿ ಸಿಗದ ಕೆರೆಯ ಸುದ್ದಿಯನ್ನು, ಕಂದಾಯಕ್ಕಾಗಿ ನಮ್ಮನ್ನು ಎಣಿಸಿದ ಪರದೇಶದವರ ಪುಸ್ತಕದಿಂದ, ಪರಸ್ಥಳದಲ್ಲಿ ಕುಳಿತು ಓದುವಾಗ ಆದದ್ದು ಹೆಮ್ಮೆಯೋ ಅವಮಾನವೋ ತಿಳಿಯಲಿಲ್ಲ.

ಆ ಪುಟಗಳ ಚಿತ್ರ ತೆಗೆದು ಅಪ್ಪನಿಗೆ ಕಳುಹಿಸಿದೆ. ರಾತ್ರಿ ಫೋನು ಬಂತು. ಮಗ ಹುಡುಕಿ ತೆಗೆದದ್ದಕ್ಕೆ ಮೆಚ್ಚುವರೆಂದು ಕಾದಿದ್ದೆ.

‘ಎಲ್ಲಾ ಛಲೋ ಐತಿ ಖರೇ,’ ಎಂದರು ಅಪ್ಪ, ‘ಇದರಾಗ ಕೆರಿ ಸರ್ವೆ ನಂಬರ ಎಲ್ಲೈತೋ?’