ಒಂದೇ ಹುಡುಗಿ, ಎರಡು ಹುಟ್ಟಿದ ವರ್ಷ

ವಾಷಿಂಗ್ಟನ್‌ನ ಹಾಲೊಕಾಸ್ಟ್ ಮ್ಯೂಸಿಯಂಗೆ ಜಾಸ್ತಿ ಜನ ನೋಡೋಕೆ ಹೋಗುತ್ತಾರೆ. ನಾಜಿಗಳು ನಡೆಸಿದ ಯಹೂದಿಗಳ ನರಮೇಧದ ನೆನಪಿನ ಮ್ಯೂಸಿಯಂ ಅದು. ನಾನು ಹೋಗಿದ್ದು ಕೆಲಸಕ್ಕೆ. ಅಲ್ಲಿನ ಸಂಶೋಧನಾ ಕೇಂದ್ರ ಎಂ.ಎ. ಓದುವವರಿಗೆ, ಪಿಎಚ್‌.ಡಿ. ಶುರು ಮಾಡಿದವರಿಗೆ ಬೇಸಿಗೆಯಲ್ಲಿ ಫೆಲೋಶಿಪ್ ಕೊಡುತ್ತದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತ ಜರ್ಮನ್ ನನ್ನ ಕೈ ಹಿಡಿಯಿತು.

ಬೆಂಗಳೂರಿನ ಹುಡುಗಿಗೆ ಇದೆಲ್ಲ ಯಾಕೆ ಅಂತ ಮನೆಯಲ್ಲೂ ಕೇಳಿದ್ದರು, ಅಲ್ಲೂ ಕೇಳಿದರು. ನಾನು ಬಸವನಗುಡಿಯವಳು. ಕೃಷ್ಣರಾವ್ ಪಾರ್ಕಿನ ಪೆವಿಲಿಯನ್‌ನಲ್ಲಿ ಆಡಿ ಬೆಳೆದವಳು. ಅದನ್ನು ಕಟ್ಟಿಸಲು ನಕ್ಷೆ ಹಾಕಿದ ಒಟ್ಟೊ ಕೊನಿಗ್ಸ್‌ಬರ್ಗರ್ ಬರ್ಲಿನ್‌ನ ಯಹೂದಿ, 1933ರಲ್ಲಿ ಹಿಟ್ಲರ್ ಬಂದ ಮೇಲೆ ಸರ್ಕಾರಿ ಕೆಲಸ ಕಳೆದುಕೊಂಡವರು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು ಅಂತ ನನಗೆ ಗೊತ್ತಾಗಿದ್ದು ಡಿಗ್ರಿಯಲ್ಲಿದ್ದಾಗ. ಅಲ್ಲಿಂದ ಶುರುವಾಗಿದ್ದು ನಿಲ್ಲಲೇ ಇಲ್ಲ.

ಜರ್ಮನಿಯಲ್ಲಿ ಬಾಡ್ ಆರೋಲ್ಸನ್ ಅಂತ ಒಂದು ಚಿಕ್ಕ ಊರಿದೆ. ನಾಜಿಗಳು ಕೊಂದವರ, ಬದುಕಿ ಉಳಿದವರ ಸುಮಾರು 3 ಕೋಟಿ ದಾಖಲೆಗಳು ಅಲ್ಲಿವೆ, 1.75 ಕೋಟಿ ಜನರ ಬಗ್ಗೆ. ಕಳೆದುಹೋದವರನ್ನು ಹುಡುಕಿಕೊಡಲು ಯುದ್ಧ ಮುಗಿದ ಮೇಲೆ ಸೇರಿಸಿಟ್ಟವು. ಸಂಶೋಧಕರಿಗೆ ಬಾಗಿಲು ತೆರೆದಿದ್ದು 2007ರಲ್ಲಿ ಮಾತ್ರ. ಅದರ ಡಿಜಿಟಲ್ ಪ್ರತಿ ನಮ್ಮ ಮ್ಯೂಸಿಯಂನಲ್ಲಿದೆ. ಪೋಲೆಂಡಿನ ವೂಚ್ ನಗರದ ಘೆಟ್ಟೊದಲ್ಲಿ (ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಬಡಾವಣೆ) ಇದ್ದ ಕೆಲವು ಹೆಣ್ಣುಮಕ್ಕಳು ಅಲ್ಲಿಂದ ಎಲ್ಲೆಲ್ಲಿಗೆ ಹೋದರು ಅಂತ ಆ ದಾಖಲೆಗಳಲ್ಲಿ ಹುಡುಕುವುದು ನನ್ನ ಪಾಲಿಗೆ ಬಂದ ಕೆಲಸ.

ಹೆಸರಿನ ತೊಂದರೆ ನನಗೆ ಬೇಗ ಅರ್ಥವಾಯಿತು. ಅಲ್ಲಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ ಕರೆಯುವ ಹೆಸರನ್ನು ಪೋಲಿಷ್ ಗುಮಾಸ್ತ ಒಂದು ಥರ ಬರೆಯುತ್ತಾನೆ, ಜರ್ಮನ್ ಗುಮಾಸ್ತ ಇನ್ನೊಂದು ಥರ. ಇಂಗ್ಲಿಷ್‌ನಲ್ಲಿ ಲಕ್ಷ್ಮಿಯನ್ನು ನಾಲ್ಕು ಥರ ಬರೆಯುವುದನ್ನು ನೋಡಿ ಬೆಳೆದವರು ನಾವು, ಇದು ಹೊಸದೇನಲ್ಲ ಅಲ್ವಾ? ನಾನು ಎಡವಿದ್ದು ವರ್ಷದಲ್ಲಿ.

ನಾಲ್ಕನೇ ವಾರದ ಬುಧವಾರ. ಘೆಟ್ಟೊದ ನಿವಾಸಿಗಳ ಪಟ್ಟಿಯಲ್ಲಿ ಒಬ್ಬ ಹುಡುಗಿ ಇದ್ದಳು, ಹುಟ್ಟಿದ್ದು 1931. (ಹೆಸರು ಬರೆಯುವುದಿಲ್ಲ, ಅವಳ ಮನೆಯವರು ಎಲ್ಲೋ ಇರಬಹುದು.) 1944ರ ಆಗಸ್ಟ್‌ನಲ್ಲಿ ಆ ಘೆಟ್ಟೊದಲ್ಲಿ ಉಳಿದಿದ್ದ ಸಾವಿರಾರು ಜನರನ್ನು ರೈಲಿನಲ್ಲಿ ನಾಜಿಗಳ ಸಾವಿನ ಕ್ಯಾಂಪಾದ ಆಶ್‌ವಿಟ್ಸ್‌ಗೆ ಸಾಗಿಸಿದರು. ಅಲ್ಲಿ ಇಳಿಯುತ್ತಿದ್ದ ಹಾಗೇ ಗ್ಯಾಸ್ ಚೇಂಬರಿಗೆ ಕಳಿಸಿದವರಿಗೆ ನಂಬರ್ ಕೊಡುತ್ತಿರಲಿಲ್ಲ, ಕಾರ್ಡೂ ಮಾಡುತ್ತಿರಲಿಲ್ಲ. ಅಲ್ಲಿಂದ ಡಾನ್‌ಜಿಗ್ ಹತ್ತಿರದ ಷ್ಟುಟ್‌ಹೋಫ್ ಕ್ಯಾಂಪಿಗೆ ಕಳಿಸಿದ ಹೆಂಗಸರ ಪಟ್ಟಿ ತೆಗೆದು ನೋಡಿದೆ. ಅದೇ ಹೆಸರು ಇತ್ತು, ಹುಟ್ಟಿದ ದಿನವೂ ಅದೇ, ತಿಂಗಳೂ ಅದೇ. ವರ್ಷ ಮಾತ್ರ 1927. ನಾಲ್ಕು ವರ್ಷದ ವ್ಯತ್ಯಾಸ. ನನ್ನ ಶೀಟ್‌ನಲ್ಲಿ ‘ಬೇರೆ ವ್ಯಕ್ತಿ’ ಅಂತ ಬರೆದು ಮುಂದಿನ ಸಾಲಿಗೆ ಹೋದೆ.

ಸಂಜೆ ಶೀಟ್ ನೋಡಲು ಬಂದ ಹಿರಿಯ ಆರ್ಕೈವಿಸ್ಟ್ ಆ ಸಾಲಿನ ಹತ್ತಿರ ನಿಂತರು. ‘1944ರಲ್ಲಿ ಇವಳಿಗೆ ಎಷ್ಟು ವಯಸ್ಸು?’ ಅಂದರು. ಹದಿಮೂರು, ಅಂದೆ. ‘ಹದಿಮೂರರ ಹುಡುಗಿ ರೈಲಿಂದ ಇಳಿದು ಹದಿಮೂರು ಅಂತ ಹೇಳಿದರೆ ಏನಾಗುತ್ತಿತ್ತು?’

ನನಗೆ ಉತ್ತರ ಗೊತ್ತಿತ್ತು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಕೆಲಸಕ್ಕೆ ಬಾರದಷ್ಟು ಚಿಕ್ಕವರನ್ನು ಬದುಕಲು ಬಿಡುತ್ತಿರಲಿಲ್ಲ, ಅದಕ್ಕೇ ಮಕ್ಕಳು ವಯಸ್ಸು ಹೆಚ್ಚಿಸಿ ಹೇಳುತ್ತಿದ್ದರು. ನಮ್ಮಪ್ಪನ ಮಾರ್ಕ್ಸ್ ಕಾರ್ಡಿನಲ್ಲಿ ಇರುವುದೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು, ಅಪ್ಪ ಹುಟ್ಟಿದ್ದು ಬೇರೆ ದಿನ. ಕಾಗದದ ವಯಸ್ಸು ಒಂದು, ನಿಜವಾದ ವಯಸ್ಸು ಒಂದು ಅಂತ ಚಿಕ್ಕಂದಿನಿಂದ ಕೇಳಿದವಳು ನಾನು. ಆದರೂ ಎರಡು ಅಂಕಿ ಹೊಂದಲಿಲ್ಲ ಅಂತ ಒಬ್ಬಳನ್ನು ಇಬ್ಬರು ಮಾಡಿಬಿಟ್ಟೆ. ನನ್ನ ಶೀಟ್ ಪ್ರಕಾರ 1931ರ ಹುಡುಗಿಯ ಸುದ್ದಿ ಆಶ್‌ವಿಟ್ಸ್‌ನಲ್ಲೇ ಮುಗಿದಿತ್ತು, 1927ರವಳಿಗೆ ಅಮ್ಮ, ಅಪ್ಪ, ಮನೆ, ಬೀದಿ ಒಂದೂ ಇರಲಿಲ್ಲ. ಬದುಕಿದ್ದ ಒಂದು ಮಗುವನ್ನು ಸತ್ತವರ ಸಾಲಿಗೆ ಸೇರಿಸಿದ್ದೆ. ಮೈ ತಣ್ಣಗಾಯಿತು.

‘ನಾಳೆ ನೋಡಿ’ ಅಂತ ಅವರು ಹೇಳಿದರೂ ಎದ್ದು ಹೋಗಲು ಆಗಲಿಲ್ಲ. ಯುದ್ಧದ ನಂತರ ನಿರಾಶ್ರಿತರ ಶಿಬಿರಗಳಲ್ಲಿ ಸಹಾಯ ಕೇಳುವವರು ಸಿಎಂ/1 ಅನ್ನುವ ಅರ್ಜಿ ತುಂಬುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿದ್ದಿರಿ, ಏನು ಕೆಲಸ ಮಾಡಿದಿರಿ, ಈಗ ಯಾವ ದೇಶಕ್ಕೆ ಹೋಗಬೇಕು, ಎಲ್ಲ ಅದರಲ್ಲಿರುತ್ತದೆ. ಹೆಸರನ್ನು ಒಂದೊಂದು ಥರ ಬರೆದು ಹುಡುಕುತ್ತಾ ಹೋದೆ. ಐದನೇ ಥರದಲ್ಲಿ ಸಿಕ್ಕಳು.

ಅರ್ಜಿ 1948ರದು. ಇದ್ದ ಜಾಗಗಳು: ವೂಚ್, ಆಶ್‌ವಿಟ್ಸ್, ಷ್ಟುಟ್‌ಹೋಫ್. ಅಮ್ಮನ ಹೆಸರು ಘೆಟ್ಟೊ ಪಟ್ಟಿಯಲ್ಲಿದ್ದದ್ದೇ. ಹುಟ್ಟಿದ ವರ್ಷದ ಜಾಗದಲ್ಲಿ ಮೊದಲು 1927 ಅಂತ ಟೈಪ್ ಮಾಡಿ, ಅದನ್ನು ಹೊಡೆದುಹಾಕಿ, ಮೇಲೆ ಪೆನ್ನಿನಲ್ಲಿ 1931 ಅಂತ ಬರೆದಿತ್ತು. ಬರೆದಿದ್ದು ಗುಮಾಸ್ತನೋ ಅವಳೋ ಗೊತ್ತಿಲ್ಲ. ಹೇಳಿದ್ದಂತೂ ಅವಳೇ ಇರಬೇಕು.

ಸುಮ್ನೆ ಬೆರಳಲ್ಲಿ ಎಣಿಸಿದೆ. ಆಶ್‌ವಿಟ್ಸ್‌ನಲ್ಲಿ ಹದಿನೇಳು ಅಂತ ಹೇಳಿದ್ದಳು. ಈ ಅರ್ಜಿ ತುಂಬಿದ ವರ್ಷ ಅವಳಿಗೆ ನಿಜವಾಗಿಯೂ ಹದಿನೇಳು.

‘ಬೇರೆ ವ್ಯಕ್ತಿ’ ಅಳಿಸಿದೆ. ‘ಹೇಳಿಕೊಂಡ ವರ್ಷ’ ಅಂತ ಒಂದು ಹೊಸ ಕಾಲಂ ಹಾಕಿ, ಮುಗಿಯಿತು ಅಂದುಕೊಂಡಿದ್ದ ನಾಲ್ಕು ವಾರದ ಕೆಲಸವನ್ನು ಮೊದಲ ಸಾಲಿನಿಂದ ಮತ್ತೆ ಓದಲು ಕೂತೆ.